ಸ್ವೆಟರಿಗೆ ಹತ್ತು

ಬೆಳಗಿನಿಂದ ಕ್ಲೋಟಿಲ್ಡೆಯ ಕಣ್ಣೆದುರಿನಿಂದ ಆ ಬರಿಯ ತೋಳು ಸರಿದಿರಲಿಲ್ಲ. ಆಸ್ಪತ್ರೆಯ ಕಾರಿಡಾರಿನಲ್ಲಿ, ಕೂತರೆ ಕೊರೆಯುವ ಕಬ್ಬಿಣದ ಬೆಂಚಿನ ಮೇಲೆ, ಬಸುರಿ ರೋಸ್‌ಮೆರಿ ಅವಳಿಗೆ ಒರಗಿಕೊಂಡೇ ಕೂತಿದ್ದಳು. ಆ ತೋಳು ಈಗ ಅತ್ತೆಯ ಶಾಲು, ಕ್ಲೋಟಿಲ್ಡೆಯ ಜಾಕೆಟ್ಟು ಎರಡರೊಳಗೂ ಸೇರಿಕೊಂಡು ಬೆಚ್ಚಗಿತ್ತು. ಆದರೂ ಕಾಣುತ್ತಿದ್ದದ್ದು ಎಂಟೂವರೆಗೆ ಆರೋಗ್ಯ ಕೇಂದ್ರದ ಮೇಜಿನ ಮೇಲೆ ಚಾಚಿಕೊಂಡಿದ್ದ ತೋಳು. ಊದಿ ಹೊಳೆಯುತ್ತಿತ್ತು, ಬೆರಳಿನಿಂದ ಒತ್ತಿದರೆ ಬಿದ್ದ ಗುಳಿ ಹಾಗೇ ಉಳಿಯುತ್ತಿತ್ತು. "ಸ್ವೆಟರ್ ಒಳಗೆ ಕೈ ತೂರ್ಲೇ ಇಲ್ಲ ಅಕ್ಕಾ, ಹಾಗೇ ಶಾಲು ಹೊದ್ದು ಬಂದ್ಬಿಟ್ಟೆ. ತಲೆ ಸಿಡೀತಿದೆ. ಕಣ್ಮುಂದೆ ನೊಣ ಹಾರಾಡ್ದಂಗೆ ಆಗ್ತಿದೆ" ಎಂದಿದ್ದಳು ಹುಡುಗಿ, ಏನೋ ತಪ್ಪು ಮಾಡಿದವಳ ಹಾಗೆ. ಕ್ಲೋಟಿಲ್ಡೆ ರಕ್ತದೊತ್ತಡದ ಪಟ್ಟಿ ಸುತ್ತಿ, ಗಾಳಿ ತುಂಬಿ, ಬಿಟ್ಟು, ಕಿವಿಗೊಟ್ಟು ಕೇಳಿದಳು. ನೂರ ಅರವತ್ತನಾಲ್ಕು. ಕೆಳಗಿನದು ನೂರ ಹತ್ತು. ಪೆನ್ನು ಹಿಡಿದ ಕೈ ತನ್ನಷ್ಟಕ್ಕೆ ತಾನೇ ನೂರ ಐವತ್ತನಾಲ್ಕು ಎಂದು ಬರೆಯಹೊರಟು ಮೊದಲ ಎರಡು ಅಂಕಿಗಳನ್ನು ಬರೆದೂಬಿಟ್ಟಿತು. ಆಮೇಲೆ ಅವಳು ತೋಳನ್ನು ನೋಡಿದಳು. ಕಳೆಯುವುದಕ್ಕೆ ಅಲ್ಲಿ ಸ್ವೆಟರೇ ಇರಲಿಲ್ಲ.

ಸ್ವೆಟರಿಗೆ ಹತ್ತು. ಹನ್ನೊಂದು ವರ್ಷದಿಂದ ಆ ಕೇಂದ್ರದಲ್ಲಿ ನಡೆದುಬಂದ ಪದ್ಧತಿ, ಶುರುಮಾಡಿದವಳು ಕ್ಲೋಟಿಲ್ಡೆಯೇ. ಬೊಲಿವಿಯಾದ ಎತ್ತರದ ಊರು ಎಲ್ ಆಲ್ಟೊದ ಆ ತುದಿಯಲ್ಲಿ, ಕಿಟಕಿಯ ಗಾಜಿನ ಒಳಮೈಯಲ್ಲೂ ಮಂಜುಗಟ್ಟುವ ಕೋಣೆಯಲ್ಲಿ, ತೋಳು ಬಿಚ್ಚಿ ಎಂದರೆ ಬಿಚ್ಚುವ ಬಸುರಿ ಯಾರು? ಬಸುರಿನಲ್ಲಿ ಚಳಿ ಮೈಯೊಳಗೆ ಹೊಕ್ಕರೆ ಮೂಳೆಯಲ್ಲಿ ಕೂತುಬಿಡುತ್ತದೆ, ಹೆತ್ತ ಮೇಲೂ ಬಿಟ್ಟುಹೋಗುವುದಿಲ್ಲ ಎಂದು ಅವರ ಅಮ್ಮಂದಿರು, ಅತ್ತೆಯಂದಿರು ಹೇಳಿಕೊಟ್ಟಿದ್ದರು; ಕ್ಲೋಟಿಲ್ಡೆಯ ಅಮ್ಮನೂ ಸಾಯುವತನಕ ಅದನ್ನೇ ಹೇಳುತ್ತಿದ್ದಳು. ಹಿಂದಿನ ನರ್ಸು ಬಿಚ್ಚಿಸುತ್ತಿದ್ದಳು, ಬೈಯುತ್ತಿದ್ದಳು, ಕೊನೆಗೆ ಹೆಂಗಸರು ಬರುವುದನ್ನೇ ನಿಲ್ಲಿಸಿದ್ದರು. ಕ್ಲೋಟಿಲ್ಡೆ ಬಂದ ಹೊಸತರಲ್ಲಿ ಒಂದು ಸಂಜೆ ತನ್ನದೇ ತೋಳಿಗೆ ಸ್ವೆಟರಿನ ಮೇಲೊಮ್ಮೆ, ಬರಿಮೈಗೊಮ್ಮೆ ಪಟ್ಟಿ ಕಟ್ಟಿ ನೋಡಿದಳು. ಹತ್ತರ ವ್ಯತ್ಯಾಸ ಬಂತು. ಒಂದೇ ತೋಳು, ಒಂದೇ ಸ್ವೆಟರು, ಒಂದೇ ಸಂಜೆ. ಹನ್ನೊಂದು ವರ್ಷದ ಶಾಸ್ತ್ರ ಅಷ್ಟರ ಮೇಲೆ ನಿಂತುಬಿಟ್ಟಿತು. ಹೆಂಗಸರು ಗುಂಪುಗುಂಪಾಗಿ ಬರತೊಡಗಿದರು. "ನಮ್ ಕ್ಲೋಟಿಲ್ಡೆ ಮೈ ತಣ್ಣಗಾಗೋಕೆ ಬಿಡಲ್ಲ" ಎಂದು ಸಂತೆಯಲ್ಲಿ ಹೇಳಿಕೊಂಡರು. ಬಸುರಿಯರ ಹಾಜರಿ ಹೆಚ್ಚಿಸಿದ್ದಕ್ಕೆ ಮೇಲಿನವರು ಪ್ರಶಸ್ತಿಪತ್ರ ಕೊಟ್ಟಿದ್ದರು, ಅದು ಕಟ್ಟು ಹಾಕಿಸಿಕೊಂಡು ಮೇಜಿನ ಹಿಂದಿನ ಗೋಡೆಯೇರಿತ್ತು. ಶನಿವಾರಗಳಂದು ಅವಳು ಅದರ ಗಾಜನ್ನು ಒರೆಸುತ್ತಿದ್ದಳು, ಒರೆಸುವಾಗ ಯಾರಾದರೂ ನೋಡಲಿ ಎಂದು ಬಾಗಿಲು ತೆರೆದಿಡುತ್ತಿದ್ದಳು. ಈಗ ಅದನ್ನು ನೆನೆದರೆ ನಾಚಿಕೆಯಿಂದ ಕಿವಿ ಬಿಸಿಯಾಗುತ್ತಿತ್ತು.

"ಅಕ್ಕಾ, ನಿಮ್ಗೆ ಚಳಿ ಆಗ್ತಿದೆ. ಜಾಕೆಟ್ ತಗೊಳ್ಳಿ" ಎಂದಳು ರೋಸ್‌ಮೆರಿ. "ಸುಮ್ನಿರು" ಎಂದಳು ಕ್ಲೋಟಿಲ್ಡೆ. ಚಳಿಯಾಗುತ್ತಿದ್ದದ್ದು ನಿಜ. ಅವಸರದಲ್ಲಿ ಬಿಳಿ ಕೋಟನ್ನೂ ಮೊಳೆಯಲ್ಲೇ ಬಿಟ್ಟು ಬಂದಿದ್ದಳು. ಹಾಗಾಗಿಯೇ ಒಳಗೆ ಕರೆದಾಗ ಡಾಕ್ಟರ್ ಇತುರ್ರಿ, ಮೂವತ್ತೂ ತುಂಬದ ಹುಡುಗಿ, ತಲೆ ಪೂರ್ತಿ ಎತ್ತದೆ, "ನೀವು ಅತ್ತೆನಾ?" ಎಂದು ಕೇಳಿದಳು. "ಅಲ್ಲ ಡಾಕ್ಟ್ರೇ, ನಾನು ಕೇಂದ್ರದವಳು. ನಾನೇ ಬರೆದು ಕಳ್ಸಿದ್ದು." "ಓ" ಎಂದಳು ಡಾಕ್ಟರು. ಆ ಓ ಎನ್ನುವುದರಲ್ಲಿ ಏನೂ ಇರಲಿಲ್ಲ, ಆದರೂ ಕ್ಲೋಟಿಲ್ಡೆಗೆ ಗೋಡೆಯ ಕಡೆ ಸರಿದು ನಿಲ್ಲಬೇಕೆನಿಸಿತು. ರೋಸ್‌ಮೆರಿಯನ್ನು ಒಂದು ಗಂಟೆ ಎಡ ಮಗ್ಗುಲಾಗಿ ಮಲಗಿಸಿ ಮತ್ತೆ ನೋಡಿದಾಗ ನೂರ ನಲವತ್ತಾರು ಬಂತು. "ತಲೆ ನೋವಿದ್ಯಾ?" "ಇಲ್ಲ." "ಕಣ್ಣು ಮಂಜಾಗುತ್ತಾ?" "ಇಲ್ಲ ಡಾಕ್ಟ್ರೇ." ರೋಸ್‌ಮೆರಿ ಹಸಿಹಸಿ ಸುಳ್ಳು ಹೇಳುತ್ತಿದ್ದಳು, ಕ್ಲೋಟಿಲ್ಡೆಯ ಕಡೆ ನೋಡದೆ. ಇಲ್ಲಿ ಇಟ್ಟುಕೊಂಡರೆ ಕೊಯ್ಯುತ್ತಾರೆ, ಕೊಯ್ದ ಹೊಟ್ಟೆಯಲ್ಲಿ ಚಳಿ ಸೇರುತ್ತದೆ, ಗಂಡ ಬ್ರೆಜಿಲಿನ ಸಾವೊ ಪಾಲೊದಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದಾನೆ, ಆಮೇಲೆ ತನ್ನನ್ನು ನೋಡಿಕೊಳ್ಳುವವರು ಯಾರು. ಇದೆಲ್ಲ ಮಿನಿಬಸ್ಸಿನಲ್ಲಿ ದಾರಿಯುದ್ದಕ್ಕೂ ಹೇಳಿ ಅತ್ತಿದ್ದಳು. ಡಾಕ್ಟರು ಕೇಂದ್ರದ ತಪಾಸಣೆ ಕಾರ್ಡು ಬಿಡಿಸಿ ನೋಡಿದಳು. ನೂರ ಇಪ್ಪತ್ತಾರು, ನೂರ ಮೂವತ್ತು, ನೂರ ಮೂವತ್ತನಾಲ್ಕು, ನೂರ ಮೂವತ್ತೈದು. ಕ್ಲೋಟಿಲ್ಡೆಯ ದುಂಡಗಿನ ಅಕ್ಷರ. ಶಾಲೆಯಲ್ಲಿ ಸನ್ಯಾಸಿನಿಯರು ಹೊಗಳುತ್ತಿದ್ದ ಅಕ್ಷರ.

"ನೋಡಿ, ಕಾರ್ಡು ಎಷ್ಟು ಚೆನ್ನಾಗಿದೆ" ಎಂದಳು ಡಾಕ್ಟರು, ಅದೂ ಕ್ಲೋಟಿಲ್ಡೆಯನ್ನು ಮೆಚ್ಚಿಸುವ ಧಾಟಿಯಲ್ಲಿ. "ನಾಲ್ಕು ಸಲ ನೋಡಿದ್ದೀರ, ಒಂದು ಸಲಾನೂ ಮಿತಿ ದಾಟಿಲ್ಲ. ಇವತ್ತು ಗಾಬರಿ ಇರ್ಬೇಕು, ಬಸ್ಸಿನ ಕುಲುಕಾಟ ಬೇರೆ. ನಿಮ್ ಯಂತ್ರ ಎಷ್ಟು ಹಳೇದು?"

"ಹಳೇದೇ, ಡಾಕ್ಟ್ರೇ."

"ಅದೇ ಮತ್ತೆ. ಹೊಟ್ಟೆ ವಾರದ ಲೆಕ್ಕಕ್ಕಿಂತ ಚಿಕ್ಕದಿದೆ, ಆದ್ರೆ ಇಷ್ಟು ಎತ್ತರದಲ್ಲಿ ಎಲ್ಲರ ಮಕ್ಕಳೂ ಚಿಕ್ಕವೇ. ಮಾತ್ರೆ ಬರೀತೀನಿ. ಶುಕ್ರವಾರ ಸ್ಕ್ಯಾನಿಂಗಿಗೆ ಬರ್ಲಿ. ಈಗ ಸೇರಿಸ್ಕೊಳ್ಳೋಣ ಅಂದ್ರೆ ಹಾಸಿಗೆ ಎಲ್ಲಿದೆ? ಇಬ್ಬಿಬ್ಬರು ಮಲ್ಗಿದಾರೆ."

ರೋಸ್‌ಮೆರಿ ಆಗಲೇ ಎದ್ದು ಚಪ್ಪಲಿ ಹುಡುಕುತ್ತಿದ್ದಳು. ಅವಳ ಮುಖದಲ್ಲಿ ಎಂಥ ಸಮಾಧಾನವಿತ್ತೆಂದರೆ, ಕ್ಲೋಟಿಲ್ಡೆಗೂ ಒಂದು ಗಳಿಗೆ ಇದೆಲ್ಲ ಸರಿಯಾಗಿಯೇ ಇದೆ ಅನ್ನಿಸಿತು. ಮಂಗಳವಾರದಿಂದ ಶುಕ್ರವಾರಕ್ಕೆ ಎಷ್ಟು ದೂರ? ಮೂರು ದಿನ. ಅಲ್ಲಿಯತನಕ ದಿನಾ ತಾನೇ ಮನೆಗೆ ಹೋಗಿ, ಬರಿಯ ತೋಳಿಗೇ ಕಟ್ಟಿ ನೋಡಬಹುದು. ಏರಿದರೆ ಓಡಿಸಿಕೊಂಡು ಬರಬಹುದು. ಯಾರಿಗೂ ಏನೂ ಹೇಳಬೇಕಾಗಿಲ್ಲ. ಕಾರಿಡಾರಿಗೆ ಬಂದು ಹುಡುಗಿಯನ್ನು ಬೆಂಚಿನ ಮೇಲೆ ಕೂರಿಸಿ, "ಮಾತ್ರೆ ತರ್ತೀನಿ, ಕೂತಿರು" ಎಂದಳು. "ಕೂಸು ಆಡ್ತಿದೆಯಾ?" ಎಂದು ಕೇಳಿದಳು. "ನಿನ್ನೆಯಿಂದ ಮಲ್ಕೊಂಡಿದೆ ಅಕ್ಕಾ. ಸೋಮಾರಿ, ಅವರಪ್ಪನ ಹಾಗೆ" ಎಂದು ರೋಸ್‌ಮೆರಿ ನಕ್ಕಳು, ನಕ್ಕು ಹಣೆ ಒತ್ತಿಕೊಂಡಳು. ಕ್ಲೋಟಿಲ್ಡೆ ಔಷಧಿ ಕಿಟಕಿಯ ಸಾಲಿನಲ್ಲಿ ನಿಂತಳು. ಅವಳ ಮುಂದೆ ಏಳು ಜನರಿದ್ದರು, ಆರಾದರು, ಐದಾದರು. ಐದು ಜನರಿದ್ದಾಗ ದಮಿಯಾನಾ ನೆನಪಾದಳು. ಹೋದ ವರ್ಷ, ಆಲೂಗೆಡ್ಡೆ ಕೀಳುವ ಕಾಲ. ಇಟ್ಟಿಗೆಗೂಡಿನ ಹಿಂದಿನ ಮನೆ. ಎಂಟು ತಿಂಗಳಲ್ಲಿ ಫಿಟ್ಸ್ ಬಂದು ಅಡುಗೆಮನೆಯಲ್ಲೇ ಬಿದ್ದು ಹೋದಳು, ಹೊಟ್ಟೆಯಲ್ಲಿದ್ದದ್ದೂ ಹೋಯಿತು. ಯಾರದೋ ದೃಷ್ಟಿ ಎಂದರು, ಗಂಡ ಹೊಡೆದಿರಬೇಕು ಎಂದರು. ಮಣ್ಣಿಗೆ ಕ್ಲೋಟಿಲ್ಡೆಯೂ ಹೋಗಿದ್ದಳು, ಎಲ್ಲರ ಜೊತೆ ಕೂತು ಕುರಿಮಾಂಸದ ಸಾರು ಉಂಡಿದ್ದಳು, ಗಂಡನನ್ನು ಎಲ್ಲರ ಹಾಗೆಯೇ ಓರೆಗಣ್ಣಿನಲ್ಲಿ ನೋಡಿದ್ದಳು. ದಮಿಯಾನಾಳ ಕಾರ್ಡಿನಲ್ಲೂ ಎಲ್ಲ ಸರಿಯಾಗೇ ಇತ್ತು. ಒಂದು ವರ್ಷದಿಂದ ಅದು ಅವಳಿಗೆ ಗೊತ್ತಿತ್ತೋ, ಗೊತ್ತಾಗದ ಹಾಗೆ ನೋಡಿಕೊಂಡಿದ್ದಳೋ, ಈ ಸಾಲಿನಲ್ಲಿ ನಿಂತು ಹೇಳುವುದು ಕಷ್ಟವಾಗಿತ್ತು. ಅವಳು ಸಾಲು ಬಿಟ್ಟಳು. ಹಿಂದಿದ್ದವನು ಕೂಡಲೇ ಮುಂದೆ ಸರಿದು ಜಾಗ ತುಂಬಿಸಿಕೊಂಡ.

ಡಾಕ್ಟರ್ ಇತುರ್ರಿಯ ಕೋಣೆಯಲ್ಲಿ ಆಗ ಇನ್ನೊಬ್ಬ ಬಸುರಿ ಮಲಗಿದ್ದಳು, ಕಲಿಯಲು ಬಂದ ಮೂವರು ಹುಡುಗರು ಸುತ್ತ ನಿಂತಿದ್ದರು. "ಮಾತ್ರೆ ಸಿಕ್ಕಿಲ್ವಾ?" ಎಂದಳು ಡಾಕ್ಟರು. ಒಂಟಿಯಾಗಿ ಮಾತಾಡಬೇಕು ಎಂದು ಕ್ಲೋಟಿಲ್ಡೆ ಹೇಳಬಹುದಿತ್ತು. ಹೇಳಿದ್ದರೆ ಹೊರಗೆ ಕಾಯಿ ಎನ್ನುತ್ತಿದ್ದರು, ಕಾಯುತ್ತ ಕಾಯುತ್ತ ಧೈರ್ಯ ಸೋರಿಹೋಗುತ್ತಿತ್ತು. ತನ್ನ ಜಾಯಮಾನ ತನಗೆ ಗೊತ್ತು. ಬಾಗಿಲಲ್ಲೇ ನಿಂತು, "ಕಾರ್ಡು ಸರಿಯಿಲ್ಲ ಡಾಕ್ಟ್ರೇ" ಎಂದಳು.

"ಏನು ಸರಿಯಿಲ್ಲ?"

"ನಾವು ಸ್ವೆಟರ್ ಮೇಲೇ ಕಟ್ಟೋದು. ಚಳಿಗೆ ಬಿಚ್ಚಲ್ಲ ಅವರು. ಅದಕ್ಕೆ ಹತ್ತು ಕಳೆದು ಬರೀತೀವಿ... ಬರೀತೀನಿ. ನಾಲ್ಕು ಸಲಾನೂ ಹತ್ತು ಕಳೆದಿದೀನಿ. ಇವತ್ತು ಬೆಳಿಗ್ಗೆ ಬರೀ ತೋಳಿತ್ತು. ಅವಳಿಗೆ ತಲೆನೋವಿದೆ, ಕಣ್ಮುಂದೆ ನೊಣ ಕಾಣ್ತಿದೆ. ನಿಮ್ ಹತ್ರ ಸುಳ್ಳು ಹೇಳಿದ್ಲು. ಕೂಸು ನಿನ್ನೆಯಿಂದ ಆಡಿಲ್ಲ."

ಮೂವರಲ್ಲಿ ಒಬ್ಬ ಹುಡುಗನಿಗೆ ನಗು ತಡೆಯಲಾಗಲಿಲ್ಲ. "ಮಫ್ಲರ್ ಇದ್ರೆ ಎಷ್ಟು ಕಳೀತೀರ?" ಎಂದ. ಡಾಕ್ಟರು ಅವನ ಕಡೆ ತಿರುಗಲಿಲ್ಲ. ಕ್ಲೋಟಿಲ್ಡೆಯನ್ನೇ ನೋಡುತ್ತಿದ್ದಳು, ಮೊದಲ ಸಲ ಪೂರ್ತಿಯಾಗಿ, ತಲೆಯಿಂದ ಕಾಲಿನವರೆಗೆ. "ಎಷ್ಟು ವರ್ಷದಿಂದ?" ಎಂದು ಕೇಳಿದಳು. "ಹನ್ನೊಂದು." "ಎಲ್ಲರಿಗೂನಾ?" "ಎಲ್ಲರಿಗೂ." ಡಾಕ್ಟರು ಕೈಗವಸು ಕಿತ್ತು ಡಬ್ಬಕ್ಕೆ ಎಸೆದಳು. "ಏನಮ್ಮಾ ನೀನು" ಎಂದಳು. ನೀವು ಎನ್ನುತ್ತಿದ್ದದ್ದು ನೀನು ಆಗಿತ್ತು. ಕ್ಲೋಟಿಲ್ಡೆಗೆ ಅದು ಕೆನ್ನೆಗೆ ಹೊಡೆದ ಹಾಗಾಯಿತು, ಆದರೆ ಹೊಡೆತ ಇಷ್ಟೇನಾ ಎಂದೂ ಅನ್ನಿಸಿತು. ಇನ್ನೂ ಜೋರಾಗಿ ಬೀಳಬೇಕಿತ್ತು. ಯಾಕೆಂದರೆ ಅವಳು ಎಲ್ಲವನ್ನೂ ಹೇಳಿರಲಿಲ್ಲ. ಹತ್ತು ಎಂದಿದ್ದಳು. ನಾಲ್ಕರಲ್ಲಿ ಒಂದು ಸಲ ಅದು ಹತ್ತಾಗಿರಲಿಲ್ಲ.

ಆಮೇಲೆ ಎಲ್ಲ ಓಡಾಟ. ಅರ್ಧ ಗಂಟೆಯ ಹಿಂದೆ ಇರದಿದ್ದ ಹಾಸಿಗೆ ಎಲ್ಲಿಂದಲೋ ಬಂತು. ಮೂತ್ರ ತೆಗೆದುಕೊಂಡರು, ಸ್ಕ್ಯಾನಿಂಗಿಗೆ ಶುಕ್ರವಾರ ಬೇಕಾಗಲಿಲ್ಲ. ಕತ್ತಲ ಕೋಣೆಯಲ್ಲಿ ಕ್ಲೋಟಿಲ್ಡೆಯನ್ನು ಯಾರೂ ಹೊರಗೆ ಹೋಗು ಎನ್ನಲಿಲ್ಲ, ಇರು ಎಂದೂ ಹೇಳಲಿಲ್ಲ. ರೋಸ್‌ಮೆರಿ ಕೈ ಬಿಟ್ಟಿರಲಿಲ್ಲವಾದ್ದರಿಂದ ಅವಳು ಉಳಿದಳು. ಪರದೆಯ ಮೇಲೆ ಹೊಕ್ಕುಳಬಳ್ಳಿಯ ರಕ್ತ ಅಲೆ ಅಲೆಯಾಗಿ ಕಾಣಿಸಿಕೊಂಡಿತು. ಒಂದು ಅಲೆ ಏಳುತ್ತಿತ್ತು, ಬೀಳುತ್ತಿತ್ತು, ಆಮೇಲೆ ಏನೂ ಇಲ್ಲ, ಕಪ್ಪು. ಮತ್ತೆ ಒಂದು ಅಲೆ. "ನೋಡಿ, ಬಡಿತ ಬಡಿತದ ನಡುವೆ ರಕ್ತ ಹರೀತಾನೇ ಇಲ್ಲ" ಎಂದು ಡಾಕ್ಟರು ಹುಡುಗರಿಗೆ ಪಾಠ ಮಾಡಿದಳು. "ಹರೀತಾ ಇರ್ಬೇಕು. ಎಷ್ಟೇ ಕಡಿಮೆ ಆದ್ರೂ ಇರ್ಬೇಕು. ಮಾಸಿನಲ್ಲಿ ದಾರಿ ಕಟ್ಟಿಕೊಂಡಿದೆ. ಇದು ಇವತ್ತು ನಿನ್ನೇದಲ್ಲ, ವಾರಗಟ್ಟಲೆಯದು. ಮೂವತ್ತೊಂದು ವಾರ ಆಗಿದೆ, ಮಗು ಇಪ್ಪತ್ತೇಳರ ಅಳತೆಗೆ ನಿಂತಿದೆ." ರೋಸ್‌ಮೆರಿ ಕ್ಲೋಟಿಲ್ಡೆಯ ಕೈ ಹಿಸುಕಿ, "ಏನಂತಾರೆ ಅಕ್ಕಾ? ಕೂಸು ಉಸಿರಾಡ್ತಿದೆಯಾ?" ಎಂದಳು. "ಬದುಕಿದೆ. ಎದೆ ಬಡೀತಿದೆ, ಕೇಳು" ಎಂದಳು ಕ್ಲೋಟಿಲ್ಡೆ. ನಿಜವಾಗಿಯೂ ಬಡಿಯುತ್ತಿತ್ತು. ಅಷ್ಟು ದಿನ ಹೊಟ್ಟೆ ತುಂಬದೆ, ಉಸಿರು ತುಂಬದೆ, ಯಾರಿಗೂ ದೂರು ಹೇಳದೆ ಬಡಿದುಕೊಂಡಿತ್ತು. ಅವಳಿಗೆ ಕಣ್ಣೀರು ಬರಲಿಲ್ಲ. ಬಂದಿದ್ದರೆ ಸ್ವಲ್ಪ ಹಗುರಾಗುತ್ತಿತ್ತೇನೋ.

ಮಗುವಿನ ಶ್ವಾಸಕೋಶ ಗಟ್ಟಿಯಾಗಲು ತೊಡೆಗೊಂದು ಇಂಜೆಕ್ಷನ್ ಕೊಟ್ಟರು, ಫಿಟ್ಸ್ ಬರದ ಹಾಗೆ ಮೆಗ್ನೀಸಿಯಂ ಡ್ರಿಪ್ ಹಾಕಿದರು, ಒತ್ತಡಕ್ಕೆ ಬೇರೆ ಮಾತ್ರೆ. ಎರಡು ದಿನ ಕಾದರೆ ಒಳ್ಳೆಯದು, ಮಗು ಬಿಡಬೇಕಲ್ಲ, ಎಂದರು. ಮಗು ಮೂರು ಗಂಟೆ ಮಾತ್ರ ಬಿಟ್ಟಿತು. ಮಧ್ಯಾಹ್ನ ಎರಡರ ಹೊತ್ತಿಗೆ ಬಡಿತ ಇಳಿಯತೊಡಗಿತು, ಏರಿತು, ಮತ್ತೆ ಇಳಿದು ಅಲ್ಲೇ ನಿಂತಿತು. ನರ್ಸುಗಳು ಮಂಚವನ್ನೇ ತಳ್ಳಿಕೊಂಡು ಓಡಿದರು. ಶಾಲು, ಜಾಕೆಟ್ಟು ಕ್ಲೋಟಿಲ್ಡೆಯ ಮಡಿಲಿಗೆ ಬಿದ್ದವು. ಲಿಫ್ಟಿನ ಬಾಗಿಲು ಮುಚ್ಚುವ ಮುಂಚೆ ರೋಸ್‌ಮೆರಿ, "ಅಕ್ಕಾ, ನೀವಿರ್ತೀರಲ್ಲ?" ಎಂದಳು. ಇರ್ತೀನಿ ಎನ್ನುವಷ್ಟರಲ್ಲಿ ಬಾಗಿಲು ಮುಚ್ಚಿತು.

ಅತ್ತೆ ದೋನ್ಯಾ ಸಾತುರ್ನಿನಾ ಬಂದದ್ದು ಆಮೇಲೆ, ಕಂಬಳಿಯ ಗಂಟು ಬೆನ್ನಿಗೆ ಕಟ್ಟಿಕೊಂಡು, ಕ್ವಿನೋವಾ ಗಂಜಿಯ ಡಬ್ಬಿ ಹಿಡಿದುಕೊಂಡು. ಸುದ್ದಿ ಕೇಳಿ ಬೆಂಚಿನ ಮೇಲೆ ಕುಸಿದಳು, ಹ್ಯಾಟು ತೆಗೆದು ಮೊಣಕಾಲ ಮೇಲಿಟ್ಟುಕೊಂಡಳು, ಕೆಳದನಿಯಲ್ಲಿ ಆಯ್ಮಾರಾ ಭಾಷೆಯಲ್ಲಿ ಯಾರನ್ನೋ ಬೇಡಿಕೊಳ್ಳತೊಡಗಿದಳು. ನಡುವೆ ನಿಲ್ಲಿಸಿ, "ನೀನಿದ್ಯಲ್ಲ ತಾಯಿ, ಅದೇ ಪುಣ್ಯ. ಬೇರೆಯೋರಾಗಿದ್ರೆ ಚೀಟಿ ಬರ್ದು ಕೈತೊಳ್ಕೊತಿದ್ರು" ಎಂದು ಕ್ಲೋಟಿಲ್ಡೆಯ ತೊಡೆ ತಟ್ಟಿದಳು. ಕ್ಲೋಟಿಲ್ಡೆ ಶಾಲನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. ಕಾರ್ಡಿನಲ್ಲಿ ಬರೆದ ಆ ಮೂರನೆಯ ಸಲ. ರೋಸ್‌ಮೆರಿ ಅಂದು ತಾನೇ ಹೆಣೆದ ದಪ್ಪ ಸ್ವೆಟರು ಹಾಕಿಕೊಂಡು ಬಂದಿದ್ದಳು, ಎದೆಯ ಮೇಲೆ ಕೆಂಪು ಬಿಳಿ ಲಾಮಾ ಪ್ರಾಣಿಗಳ ಸಾಲು. ನೂರ ನಲವತ್ತೆಂಟು ಬಂದಿತ್ತು. ಹೊರಗೆ ಹನ್ನೊಂದು ಹೆಂಗಸರಿದ್ದರು, ನಾಲ್ಕಕ್ಕೆ ಕೊನೆಯ ಬಸ್ಸು ಹಿಡಿಯಬೇಕಾದವರು. ಹತ್ತು ಕಳೆದರೆ ನೂರ ಮೂವತ್ತೆಂಟು. ಮೂವತ್ತೈದು ದಾಟಿದರೆ ತೋಳು ಬಿಚ್ಚಿಸಿ ಇನ್ನೊಮ್ಮೆ ನೋಡಬೇಕು, ವಾರ ವಾರ ಕರೆಸಬೇಕು, ಹಳದಿ ಕಾಗದ ತುಂಬಿ ಮೇಲಿನವರಿಗೆ ಕಳಿಸಬೇಕು. ಅವಳು ತೋಳಿನ ಕಡೆ ಕೈಚಾಚಿದ್ದೂ ನಿಜ. "ಬಿಚ್ಬೇಕಾ ಅಕ್ಕಾ?" ಎಂದು ಹುಡುಗಿ ಕುತ್ತಿಗೆಯ ಗುಂಡಿಗೆ ಕೈ ಹಾಕಿದ್ದಳು, ಹಲ್ಲು ಕಟಕಟ ಎನ್ನುತ್ತಿತ್ತು. "ಬೇಡ ಬಿಡು, ಇದು ಕಂಬಳಿಯಷ್ಟು ದಪ್ಪ ಇದೆ" ಎಂದು ಕ್ಲೋಟಿಲ್ಡೆ ನಗಾಡಿ, ನೂರ ಮೂವತ್ತನಾಲ್ಕು ಎಂದು ಬರೆದಿದ್ದಳು. ಹತ್ತಲ್ಲ, ಹದಿನಾಲ್ಕು. ಕರುಣೆಯಿಂದ ಬರೆದದ್ದಲ್ಲ, ಬಸ್ಸು ತಪ್ಪುತ್ತದೆಂದು ಬರೆದದ್ದು. ಏಳು ವಾರದ ಹಿಂದೆ. ಆ ಏಳು ವಾರದಲ್ಲಿ ಮಾತ್ರೆ ಕೊಡಬಹುದಿತ್ತು, ಸ್ಕ್ಯಾನಿಂಗಿಗೆ ಕಳಿಸಬಹುದಿತ್ತು, ಕೆಳಗಿನ ಬಿಸಿ ಊರಿನಲ್ಲಿರುವ ಅವಳ ಚಿಕ್ಕಮ್ಮನ ಮನೆಯಲ್ಲಿ, ಗಾಳಿ ದಟ್ಟವಾಗಿರುವ ಕಡೆ, ಇರಿಸಬಹುದಿತ್ತು. ಮಗುವಿಗೆ ಆ ಏಳು ವಾರ ಯಾರೂ ತಿರುಗಿ ಕೊಡುವಂತಿರಲಿಲ್ಲ.

ಹೆಣ್ಣು. ಒಂಬೈನೂರ ಎಂಬತ್ತು ಗ್ರಾಂ. ಅತ್ತಿತು, ಬೆಕ್ಕಿನ ಮರಿಯಷ್ಟು, ಎಂದು ನರ್ಸು ಬಂದು ಹೇಳಿದಳು. ಉಸಿರಿಗೆ ಮೂಗಿನಲ್ಲಿ ನಳಿಗೆ ಇಟ್ಟಿದ್ದಾರೆ, ಇವತ್ತಿನ ದಿನ ಕಳೆಯಬೇಕು, ಇಂಜೆಕ್ಷನ್ ಕೆಲಸ ಮಾಡೋಕೆ ಸಮಯ ಸಿಗಲಿಲ್ಲ. ಜೊತೆಗೊಂದು ಪ್ಲಾಸ್ಟಿಕ್ ಚೀಲ ತಂದಿದ್ದಳು. ದೋನ್ಯಾ ಸಾತುರ್ನಿನಾ ಎರಡು ಸಲ ಹೋಗಿ ಕೇಳಿಕೊಂಡಿದ್ದಳು: ಮಾಸು ಬೇಕು, ತೊಳೆದು ಮನೆಯ ಹಿತ್ತಲಲ್ಲಿ ಹೂಳಬೇಕು. ಮುದುಕಿ ಚೀಲದ ಬಾಯಿ ಬಿಡಿಸಿ ನೋಡಿದಳು. "ಇಷ್ಟೇ ಇಷ್ಟಾ? ನನ್ ಐದು ಮಕ್ಕಳದ್ದೂ ರೊಟ್ಟಿ ಅಗಲ ಇತ್ತು ತಾಯಿ. ಇದೇನು, ಅಂಗೈನಷ್ಟಿದೆ, ಬೆಳ್ಳಗೆ ಕಲ್ಲು ಕಲ್ಲಾಗಿದೆ..." ಕ್ಲೋಟಿಲ್ಡೆ ನೋಡಿದಳು. ನೋಡಲೇಬೇಕೆಂದು ತನ್ನನ್ನು ತಾನೇ ಹಿಡಿದು ನಿಲ್ಲಿಸಿಕೊಂಡಳು. ಆಮೇಲೆ ಮುದುಕಿ ಚೀಲ ಕಟ್ಟಿ ಮಡಿಲಲ್ಲಿಟ್ಟುಕೊಂಡು, ಮುಖ್ಯ ಮಾತಿಗೆ ಬಂದಳು. "ಪಾದ್ರಿಗೆ ಕಾಯೋಕಾಗಲ್ಲ. ಈಗ್ಲೇ ಹೆಸರಿಟ್ಟು ಜ್ಞಾನಸ್ನಾನದ ನೀರು ಹಾಕ್ಬೇಕು. ನೀರು ಬೀಳದೆ ಹೋದ ಕೂಸು ಆಲಿಕಲ್ಲಾಗಿ ತಿರುಗಿ ಬರುತ್ತೆ, ಊರ ಬೆಳೆನೆಲ್ಲ ಹೊಡೆದು ಹಾಕುತ್ತೆ. ರೋಸ್‌ಮೆರಿನೂ ಅದನ್ನೇ ಅಂದ್ಲಂತೆ. ನಿನ್ನನ್ನೇ ಕೇಳ್ತಿದಾಳೆ. ಜ್ಞಾನತಾಯಿ ನೀನೇ ಆಗ್ಬೇಕಂತೆ. ಹೋಗು."

ಜ್ಞಾನತಾಯಿ. ದೇವರ ಮುಂದೆ ಮಗುವಿಗೆ ಎರಡನೆಯ ತಾಯಿ. ನಲವತ್ತೊಂಬತ್ತು ವರ್ಷದಲ್ಲಿ ಯಾರೂ ಅವಳನ್ನು ಕೇಳಿರಲಿಲ್ಲ. ಮದುವೆಯಾಗದವಳು, ಸಾಯುವತನಕ ಮನೆಯಲ್ಲಿ ಕಾಯಿಲೆ ಬಿದ್ದಿದ್ದ ತಾಯಿ. ಜ್ಞಾನತಾಯಿ ಆಗುವವರಿಗೆ ಗಂಡ ಇರಬೇಕು, ಅಂಗಡಿ ಇರಬೇಕು, ಹಬ್ಬಕ್ಕೆ ಬಟ್ಟೆ ತರುವ ಕೈ ಇರಬೇಕು. ಸಾವಿರ ಮಕ್ಕಳ ತೂಕ ನೋಡಿದ್ದಳು, ಒಂದು ಮಗುವೂ ದಾರಿಯಲ್ಲಿ ಓಡಿಬಂದು ಅವಳ ಮುಂದೆ ಆಶೀರ್ವಾದಕ್ಕೆ ತಲೆಬಗ್ಗಿಸಿರಲಿಲ್ಲ. ಮೆಟ್ಟಿಲು ಹತ್ತುತ್ತ ಅವಳ ಎದೆಯಲ್ಲಿ, ಈ ಹೊಲಸಿನ ನಡುವೆಯೂ, ಸಂತೋಷ ಎದ್ದಿತು. ಅದನ್ನು ಅವಳು ಚೆನ್ನಾಗಿ ಗುರುತಿಸಿದಳು, ಗುರುತಿಸಿ ತನ್ನ ಮೇಲೆ ತಾನೇ ಹೇಸಿದಳು. ಸುಮ್ಮನಿದ್ದರೆ ಯಾರಿಗೆ ಗೊತ್ತಾಗುತ್ತದೆ? ಡಾಕ್ಟರಿಗೆ ಹೇಳಿದ್ದು ಫೈಲಿನಲ್ಲಿದೆ, ರೋಸ್‌ಮೆರಿ ಫೈಲು ಓದುವುದಿಲ್ಲ. ಹತ್ತರ ಮೇಲೆ ಕಳೆದು, ಡಾಕ್ಟರಿಗೆ ಹೇಳದೆ ಉಳಿಸಿಕೊಂಡ ಆ ನಾಲ್ಕು ಯಾವ ಫೈಲಿನಲ್ಲೂ ಇಲ್ಲ. ಮಗುವಿಗೆ ಪ್ರತಿವರ್ಷ ಸ್ವೆಟರು ಕೊಡಿಸಬಹುದು, ಶಾಲೆಗೆ ಹಾಕಬಹುದು, ಸಾಯುವವರೆಗೆ ತೀರಿಸಬಹುದು. ಕೊನೆಯ ಮೆಟ್ಟಿಲಲ್ಲಿ ನಿಂತು ಅವಳು ಎಷ್ಟು ಹೊತ್ತು ಉಸಿರೆಳೆದುಕೊಂಡಳೋ, ಅಷ್ಟು ಹೊತ್ತೂ ಹೇಳಬಾರದು ಎಂದೇ ನಿರ್ಧರಿಸಿದ್ದಳು.

ರೋಸ್‌ಮೆರಿಯ ಮುಖ ಡ್ರಿಪ್ಪಿನ ಬಿಸಿಗೆ ಕೆಂಪೇರಿ ಊದಿಕೊಂಡಿತ್ತು, ಮಾತು ನಿಧಾನವಾಗಿತ್ತು. "ಬಂದ್ರಾ ಅಕ್ಕಾ. ನೀವಿಲ್ದೇ ಹೋಗಿದ್ರೆ ನಾನು ಮನೇಲೇ ಸತ್ತಿರ್ತಿದ್ದೆ. ಡಾಕ್ಟ್ರು ಕಳಿಸ್ಬಿಟ್ಟಿದ್ರು, ನೀವೇ ಹೋಗಿ ಜಗಳ ಆಡಿದ್ರಂತೆ" ಎಂದಳು. ಯಾರು ಹೇಳಿದರೋ. "ನೀರು ನೀವೇ ಹಾಕ್ಬೇಕು. ನಿಮ್ ಕೈ ಬೆಚ್ಚಗಿರುತ್ತೆ ಯಾವಾಗ್ಲೂ." ಹುಡುಗಿ ಕೈ ಚಾಚಿದಳು. ಕ್ಲೋಟಿಲ್ಡೆ ಆ ಕೈ ಹಿಡಿಯಲಿಲ್ಲ. ಹಿಡಿದಿದ್ದರೆ ಹೇಳಲಾಗುತ್ತಿರಲಿಲ್ಲ.

"ರೋಸ್‌ಮೆರಿ, ನಿನ್ ಬಿ.ಪಿ. ಮೊದ್ಲಿಂದಾನೂ ಜಾಸ್ತಿ ಇತ್ತು. ನಾನು ಕಡಿಮೆ ಬರೆದೆ."

"ಏನಂದ್ರಿ?"

"ಸ್ವೆಟರಿಗೆ ಅಂತ ಹತ್ತು ಕಳೀತಿದ್ದೆ. ಎಲ್ಲರಿಗೂ. ನಿನಗೆ ಒಂದ್ಸಲ ಹದಿನಾಲ್ಕು ಕಳೆದೆ. ಲಾಮಾ ಸ್ವೆಟರ್ ಹಾಕ್ಕೊಂಡು ಬಂದಿದ್ಯಲ್ಲ, ಅವತ್ತು. ಜಾಸ್ತಿ ಇದೆ ಅಂತ ಗೊತ್ತಿತ್ತು. ಹೊರಗೆ ಜನ ಇದ್ರು. ಬಸ್ಸಿಗೆ ಹೊತ್ತಾಗ್ತಿತ್ತು."

ಪಕ್ಕದ ಮಂಚದವಳು ಮಗ್ಗುಲು ಬದಲಿಸಿದಳು. "ಬಿಚ್ಬೇಕಾ ಅಂತ ಕೇಳಿದ್ನಲ್ಲ" ಎಂದಳು ರೋಸ್‌ಮೆರಿ. "ಅವತ್ತು ಕೇಳಿದ್ನಲ್ಲ ನಾನು. ಗುಂಡಿ ಬಿಚ್ತಾ ಇದ್ದೆ."

"ಹೂಂ. ಬೇಡ ಅಂದೆ."

"ನೀವು ನಕ್ರಿ." ಹುಡುಗಿ ಚಾಚಿದ ಕೈಯನ್ನು ಹಿಂದಕ್ಕೆಳೆದು ಹೊದಿಕೆಯ ಒಳಗೆ ಇಟ್ಟುಕೊಂಡಳು. ಬೈಯಲಿಲ್ಲ, ಅಳಲಿಲ್ಲ. ಬೈದಿದ್ದರೆ ಕ್ಲೋಟಿಲ್ಡೆ ಅವಳ ಕಾಲು ಹಿಡಿಯುತ್ತಿದ್ದಳು, ಅದಕ್ಕೆಂದೇ ಕಾದು ನಿಂತಿದ್ದಳು. "ಬೇರೆ ಯಾರನ್ನಾದ್ರೂ ಕರೀರಿ" ಎಂದಳು ರೋಸ್‌ಮೆರಿ. "ಬೇಗ ಕರೀರಿ. ನೀವು ಮುಟ್ಬೇಡಿ."

ಹೀಗೆ, ತನ್ನದಾಗಿದ್ದ ಜಾಗಕ್ಕೆ ಇನ್ನೊಬ್ಬಳನ್ನು ಹುಡುಕಲು ಕ್ಲೋಟಿಲ್ಡೆಯೇ ಹೊರಟಳು. ಮುದುಕಿಗೆ ಆಗುವುದಿಲ್ಲ, ಅಜ್ಜಿ ಜ್ಞಾನತಾಯಿ ಆಗುವ ಪದ್ಧತಿಯಿಲ್ಲ. ಬಾಣಂತಿಯರನ್ನು ನೋಡಲು ಬಂದ ಇಬ್ಬರು ಹೆಂಗಸರನ್ನು ಕೇಳಿದಳು. ಸಾಯುವ ಮಗುವಿಗೆ ನಾವೇಕೆ ಎಂದು ಒಬ್ಬಳು ಮುಖ ತಿರುಗಿಸಿದಳು, ಇನ್ನೊಬ್ಬಳು ಗಂಡನನ್ನು ಕೇಳಬೇಕು ಎಂದಳು. ನರ್ಸು ಕೈಮುಗಿದು ನನ್ನದು ಬೇರೆ ಚರ್ಚು, ನಮ್ಮಲ್ಲಿ ಹೀಗೆ ನೀರು ಹಾಕುವುದಿಲ್ಲ ಎಂದಳು. ಕ್ಲೋಟಿಲ್ಡೆ ಓಡುತ್ತಿದ್ದಳು. ಓಡುವುದಕ್ಕೆ ಆ ಎತ್ತರದಲ್ಲಿ ಯಾರಿಗೂ ಉಸಿರು ಸಾಲದು, ಅವಳಿಗೂ ಸಾಲಲಿಲ್ಲ. ಕಾರಿಡಾರಿನ ಕೊನೆಯಲ್ಲಿ ರೋಗಿಗಳಿಗೆ ಸಂಜೆಯ ಚಹಾ, ಬ್ರೆಡ್ಡು ಹಂಚುವ ದಪ್ಪ ಹೆಂಗಸು ತಳ್ಳುಗಾಡಿ ತಳ್ಳಿಕೊಂಡು ಬರುತ್ತಿದ್ದಳು. ಕ್ಲೋಟಿಲ್ಡೆ ಗಾಡಿಗೆ ಅಡ್ಡ ನಿಂತು ಕೇಳಿದಳು.

"ಅಯ್ಯೋ, ಹಾಕೋಣಂತೆ, ಅದಕ್ಕೇನು" ಎಂದಳು ಆ ಹೆಂಗಸು, ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ. "ನನ್ ಪಾಲಿಗೆ ಇದು ಎಂಟನೇದು. ಮೂರು ಉಳ್ಕೊಂಡಿವೆ, ಒಬ್ಳು ಕಾಲೇಜಿಗೆ ಹೋಗ್ತಾಳೆ. ಏನು ಹೆಸರು?"

ಹೆಸರನ್ನು ಅವಳು ಕೇಳಿರಲಿಲ್ಲ. ಹೆಸರಿಲ್ಲದೆ ನೀರು ಹಾಕುವ ಹಾಗಿಲ್ಲ. ಕ್ಲೋಟಿಲ್ಡೆ ಆ ಬಾಗಿಲನ್ನು ಮತ್ತೆ ತಳ್ಳಿ ಒಳಗೆ ಹೋಗಬೇಕಾಯಿತು. ರೋಸ್‌ಮೆರಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು, ಭುಜ ಅಲುಗುತ್ತಿತ್ತು. "ಜನ ಸಿಕ್ಕಿದಾರೆ. ಒಳ್ಳೆ ಹೆಂಗಸು. ಏನು ಹೆಸರಿಡ್ಬೇಕು?" ಎಂದು ಮಂಚದ ತುದಿಯಲ್ಲಿ ನಿಂತು ಕೇಳಿದಳು. ಮತ್ತೆ ಕೇಳುವ ಧೈರ್ಯವಿರಲಿಲ್ಲ, ಕೇಳದೆ ಹೋಗುವಂತೆಯೂ ಇರಲಿಲ್ಲ. "ಮಗೂಗೋಸ್ಕರ ಹೇಳಮ್ಮಾ" ಎಂದಳು. ಗೋಡೆಯ ಕಡೆಯಿಂದಲೇ, ತಿರುಗದೆ, ಹುಡುಗಿ "ತೆಯೋದೋರಾ" ಎಂದಳು.

ಚಹಾದ ಹೆಂಗಸು ಕೈ ತೊಳೆದು, ಹಸಿರು ನಿಲುವಂಗಿ ತೊಟ್ಟು ಸಿದ್ಧಳಾಗಿದ್ದಳು. ಹೆಸರನ್ನು ಎರಡು ಸಲ ಬಾಯಲ್ಲಿ ಹೇಳಿಕೊಂಡು, "ಗಾಡಿ ಹಿಡ್ಕೊಂಡಿರಿ ಸ್ವಲ್ಪ, ಇಲ್ಲಿ ಇಳಿಜಾರು" ಎಂದು ಮಕ್ಕಳ ಕೋಣೆಯೊಳಗೆ ಹೋದಳು. ಬಾಗಿಲು ಮುಚ್ಚಿತು. ಬಾಗಿಲಿಗೆ ಕಿಟಕಿಯಿರಲಿಲ್ಲ. ಕ್ಲೋಟಿಲ್ಡೆ ಎರಡೂ ಕೈಯಿಂದ ಗಾಡಿ ಹಿಡಿದು ಬಾಗಿಲಿಗೆ ಕಿವಿಗೊಟ್ಟು ನಿಂತಳು. ಒಳಗೆ ಯಂತ್ರವೊಂದು ಟಿಕ್ ಟಿಕ್ ಎನ್ನುತ್ತಿತ್ತು, ಯಾರೋ ಪಿಸುಗುಟ್ಟಿದರು, ಆಮೇಲೆ ಬೆಕ್ಕಿನ ಮರಿಯ ಹಾಗೆ ಒಂದು ಸಣ್ಣ ಅಳು ಕೇಳಿ ನಿಂತಿತು. ಅವಳು ಬಾಗಿಲಿಗೆ ಇನ್ನಷ್ಟು ಒರಗಿದಾಗ ಗಾಡಿ ಸರಿದು ಲೋಟಗಳೆಲ್ಲ ಸದ್ದು ಮಾಡಿದವು. ಸದ್ದು ಕೇಳಿ ಎದುರಿನ ವಾರ್ಡಿನಿಂದ ದಿನ ತುಂಬಿದ ಬಸುರಿಯೊಬ್ಬಳು, ಸ್ವೆಟರಿನ ಮೇಲೆ ಸ್ವೆಟರು ಹಾಕಿಕೊಂಡವಳು, ಲೋಟ ಹಿಡಿದು ಬಂದು, "ಏನಮ್ಮಾ, ಇವತ್ತು ಚಹಾ ಕೊಡೋದು ನೀನಾ?" ಎಂದು ಕೇಳಿದಳು. ಕ್ಲೋಟಿಲ್ಡೆ ಲೋಟ ಇಸಿದುಕೊಂಡು ಚಹಾ ಬಗ್ಗಿಸಿ ಕೊಟ್ಟಳು.